ಕ್ವಾರ್ಕ್ ಪ್ರಾಜೆಕ್ಟಿಗೆ ಯಾವ ಮಾದರಿ? ಬಳ್ಳಾರಿಯಿಂದ ಒಂದು ಹೋಲಿಕೆ

ಸಂಕ್ರಾಂತಿ ಮುಗಿದ ಮೇಲಿನ ವಾರ ಬಳ್ಳಾರಿಯ ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಪ್ರಾಜೆಕ್ಟಿನದೇ ಮಾತು. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಸಂಡೂರಿನವರು, ಸಿರುಗುಪ್ಪದವರು, ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವವರು. ಈ ಸಲ ಮೂರು ನಾಲ್ಕು ಜನ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಕ್ವಾರ್ಕ್ ಮೇಲೆ ಏನಾದ್ರೂ ಮಾಡ್ಬೇಕು ಅಂತ ಆಸೆ ಇದೆ. ಆದ್ರೆ ಯಾವ ಮಾಡೆಲ್ ತಗೊಳ್ಳೋದು?”

ಒಳ್ಳೆಯ ಪ್ರಶ್ನೆ. ಕ್ವಾರ್ಕ್ ಅಂದರೆ ಪ್ರೋಟಾನ್, ನ್ಯೂಟ್ರಾನಿನಂಥ ಕಣಗಳನ್ನು ಕಟ್ಟಿರುವ ಅತಿ ಸಣ್ಣ ಕಣ. ಮಾದರಿ ಅಂದರೆ ಅದರ ಲೆಕ್ಕ ಮಾಡಲು ಹಾಕಿಕೊಳ್ಳುವ ಸರಳ ಚೌಕಟ್ಟು, ಮಾಡೆಲ್. ಪಠ್ಯಪುಸ್ತಕಗಳಲ್ಲಿ ಒಂದೊಂದು ಮಾದರಿಗೆ ಒಂದೊಂದು ಅಧ್ಯಾಯ ಇರುತ್ತದೆ. ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ರಾಯಚೂರಿನಲ್ಲೋ ಕೊಪ್ಪಳದಲ್ಲೋ ಕೂತು, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದೆ ಓದುತ್ತಿರುವವರಿಗೂ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸರಿಯಾದ ಸಿದ್ಧಾಂತ ಸಿಕ್ಕಿದೆಯಲ್ಲ, ಮತ್ತೆ ಮಾದರಿಗಳು ಯಾಕೆ ಅಂತ ಕೇಳುವವರಿದ್ದಾರೆ. ಹೌದು, ಸಿಕ್ಕಿದೆ. ಕ್ವಾರ್ಕುಗಳನ್ನು ಹಿಡಿದಿಡುವ ಪ್ರಬಲ ಬಲದ ಸಿದ್ಧಾಂತ ಅದು. ಹೆಸರು ಕ್ವಾಂಟಮ್ ಕ್ರೋಮೋಡೈನಾಮಿಕ್ಸ್, ಚಿಕ್ಕದಾಗಿ ಕ್ಯೂಸಿಡಿ. 1973ರಲ್ಲಿ ಫ್ರಿಟ್ಶ್, ಗೆಲ್‌ಮನ್, ಲಾಯ್ಟ್‌ವೈಲರ್ ಅದಕ್ಕೆ ಸ್ಪಷ್ಟ ರೂಪ ಕೊಟ್ಟರು. ಅದರ ಸೂತ್ರ ಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಹಿಡಿಸುತ್ತದೆ. ಆದರೆ ಆ ಸಾಲಿನಿಂದ ಪೆನ್ನು ಕಾಗದ ಹಿಡಿದು ಪ್ರೋಟಾನಿನ ತೂಕ ತೆಗೆಯಲು ಇಂದಿಗೂ ಯಾರಿಗೂ ಆಗಿಲ್ಲ. ಇಂಥ ಸಿದ್ಧಾಂತದಲ್ಲಿ ಅತ್ಯಂತ ಹಗುರ ಕಣಕ್ಕೂ ಸೊನ್ನೆಗಿಂತ ಜಾಸ್ತಿ ದ್ರವ್ಯರಾಶಿ ಯಾಕೆ ಇರಲೇಬೇಕು ಅನ್ನುವುದನ್ನು ಗಣಿತದ ಕಟ್ಟುನಿಟ್ಟಿನಲ್ಲಿ ತೋರಿಸಿದವರಿಗೆ 2000ನೇ ಇಸವಿಯಲ್ಲಿ ಕ್ಲೇ ಗಣಿತ ಸಂಸ್ಥೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು. ಆ ಬಹುಮಾನ ಇನ್ನೂ ಹಾಗೇ ಇದೆ. ಹಾಗಾಗಿ ಒಂದೊಂದು ಮಾದರಿಯೂ ಆ ದೊಡ್ಡ ಸಿದ್ಧಾಂತದ ಒಂದೊಂದು ಮುಖವನ್ನು ಮಾತ್ರ ಹಿಡಿದು, ಉಳಿದದ್ದನ್ನು ಬಿಟ್ಟು ಲೆಕ್ಕ ಮಾಡುತ್ತದೆ.

ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ನಿಮ್ಮ ಕಣದೊಳಗಿನ ಕ್ವಾರ್ಕ್ ಭಾರವೋ ಹಗುರವೋ? ನೀವು ಕೇಳುತ್ತಿರುವುದು ಹತ್ತಿರದ ಮಾತೋ ದೂರದ ಮಾತೋ? ಇವೆರಡಕ್ಕೆ ಉತ್ತರ ಗೊತ್ತಾದರೆ ಮಾದರಿ ತಾನಾಗಿ ಎದುರಿಗೆ ಬರುತ್ತದೆ.

ಹತ್ತಿರ, ದೂರ ಅಂದರೆ ಏನು

ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ವಾ? ಕೊಪ್ಪಳದ ಕಡೆ ನೀರು ಜೋರಾಗಿ ಹರಿಯುತ್ತದೆ. ರಾಯಚೂರು ಜಿಲ್ಲೆಯ ಕೊನೇ ಭಾಗ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ದೂರ ಹೋದಷ್ಟೂ ಕಮ್ಮಿ. ನಮಗೆ ಗೊತ್ತಿರುವ ಬಲಗಳೆಲ್ಲ ಹೀಗೇ. ಗುರುತ್ವ, ವಿದ್ಯುತ್, ಅಯಸ್ಕಾಂತ, ಎಲ್ಲವೂ ದೂರಕ್ಕೆ ಹೋದಂತೆ ಇಳಿಯುತ್ತವೆ.

ಕ್ವಾರ್ಕುಗಳ ನಡುವಿನ ಪ್ರಬಲ ಬಲದಲ್ಲಿ ಇದು ತಿರುಗುಮುರುಗು. ಹತ್ತಿರ ಬಂದಷ್ಟೂ ಹಿಡಿತ ಸಡಿಲವಾಗುತ್ತದೆ, ದೂರ ಹೋದಷ್ಟೂ ಬಿಗಿಯಾಗುತ್ತದೆ. ಕಾಲುವೆಯ ಕೊನೆಯಲ್ಲೇ ನೀರು ಜಾಸ್ತಿ ಇದ್ದ ಹಾಗೆ. 1973ರಲ್ಲಿ ಗ್ರಾಸ್, ವಿಲ್ಚೆಕ್ ಒಂದು ಕಡೆ, ಪೊಲಿಟ್ಸರ್ ಇನ್ನೊಂದು ಕಡೆ ಇದನ್ನು ಲೆಕ್ಕ ಮಾಡಿ ತೋರಿಸಿದರು. ಮೂವರಿಗೂ 2004ರಲ್ಲಿ ನೊಬೆಲ್ ಬಂತು. ಈ ಬಲದ ಅಳತೆಯನ್ನು ಆಲ್ಫಾ-ಎಸ್ ಎನ್ನುತ್ತಾರೆ. ಜೆಡ್ ಕಣದ ಶಕ್ತಿಯಲ್ಲಿ, ಅಂದರೆ ಸುಮಾರು 91 ಜಿಇವಿಯಲ್ಲಿ, ಅದು 0.118. (ಕಣಗಳ ಶಕ್ತಿ, ತೂಕ ಎರಡನ್ನೂ ಇಲೆಕ್ಟ್ರಾನ್ ವೋಲ್ಟಿನಲ್ಲಿ ಅಳೆಯುತ್ತಾರೆ. ಎಂಇವಿ ಅಂದರೆ ಅಂಥ ಹತ್ತು ಲಕ್ಷ, ಜಿಇವಿ ಅಂದರೆ ನೂರು ಕೋಟಿ.) ಟೌ ಲೆಪ್ಟಾನಿನ 1.8 ಜಿಇವಿ ಹತ್ತಿರ ಬಂದರೆ 0.3 ದಾಟುತ್ತದೆ. ಇನ್ನೂ ಕೆಳಗೆ ಇಳಿದರೆ ಒಂದರ ಹತ್ತಿರ ಹೋಗಿ ನಮ್ಮ ಲೆಕ್ಕದ ದಾರಿಯೇ ಮುರಿಯುತ್ತದೆ.

ಹತ್ತಿರದ ಮಾತು ಅಂದರೆ ಪ್ರೋಟಾನಿಗಿಂತ ತುಂಬಾ ಚಿಕ್ಕ ದೂರ, ದೊಡ್ಡ ಶಕ್ತಿ. ದೂರದ ಮಾತು ಅಂದರೆ ಒಂದು ಫರ್ಮಿ ಆಸುಪಾಸು, ಪ್ರೋಟಾನಿನಷ್ಟೇ ಅಗಲ. ಮೀಟರನ್ನು ಹತ್ತು ಲಕ್ಷ ಕೋಟಿ ಭಾಗ ಮಾಡಿ, ಆ ಒಂದು ಭಾಗವನ್ನು ಮತ್ತೆ ನೂರು ಭಾಗ ಮಾಡಿದರೆ ಸಿಗುವುದು ಒಂದು ಫರ್ಮಿ.

ಶುರುವಿಗೆ ಮೊದಲು: ಒಂದೇ ಕ್ವಾರ್ಕಿಗೆ ಎರಡು ತೂಕ

ಈ ಒಂದು ಗೊಂದಲದಲ್ಲಿ ಎಷ್ಟೋ ವಿದ್ಯಾರ್ಥಿಗಳ ವಾರಗಟ್ಟಲೆ ಸಮಯ ಹೋಗಿದೆ. ಅದಕ್ಕೇ ಇಲ್ಲಿ ನಿಂತು ಹೇಳುತ್ತೇನೆ.

ಕಣಗಳ ಅಳತೆಗಳನ್ನು ಒಟ್ಟುಮಾಡುವ ಪಾರ್ಟಿಕಲ್ ಡೇಟಾ ಗ್ರೂಪಿನ ಪಟ್ಟಿ ತೆರೆದರೆ ಅಪ್ ಕ್ವಾರ್ಕಿನ ದ್ರವ್ಯರಾಶಿ ಸುಮಾರು 2.2 ಎಂಇವಿ, ಡೌನ್‌ದು ಸುಮಾರು 4.7 ಎಂಇವಿ ಅಂತ ಇದೆ. ಪ್ರೋಟಾನಿನಲ್ಲಿ ಇರುವುದು ಎರಡು ಅಪ್, ಒಂದು ಡೌನ್. ಕೂಡಿಸಿ. ಒಂಬತ್ತರ ಹತ್ತಿರ ಬರುತ್ತದೆ. ಪ್ರೋಟಾನಿನದು 938 ಎಂಇವಿ. ಅಂದರೆ ಬರೀ ನೂರಕ್ಕೆ ಒಂದು ಪಾಲು! ಉಳಿದ 99 ಪಾಲು ಕ್ವಾರ್ಕುಗಳ ಓಡಾಟ, ಅವುಗಳನ್ನು ಅಂಟಿಸುವ ಗ್ಲೂಆನ್ ಕಣಗಳ ಶಕ್ತಿ. ನಮ್ಮ ಮೈಯ ತೂಕ, ಬಳ್ಳಾರಿ ಗುಡ್ಡದ ತೂಕ, ಸಂಡೂರಿನ ಅದಿರಿನ ತೂಕ, ಎಲ್ಲದರಲ್ಲೂ ಹೆಚ್ಚಿನ ಪಾಲು ಹೀಗೆ ಬಂದ ಶಕ್ತಿಯೇ. ಇದನ್ನು ತರಗತಿಯಲ್ಲಿ ಹೇಳಿದಾಗ ಪ್ರತಿ ಸಲ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ.

ಈಗ ಇನ್ನೊಂದು ಪುಸ್ತಕ ತೆರೆಯಿರಿ. ಅಲ್ಲಿ ಅಪ್, ಡೌನ್ ಎರಡಕ್ಕೂ 330 ಎಂಇವಿ ಅಂತ ಹಾಕಿರುತ್ತಾರೆ. ಯಾವುದು ಸರಿ? ಎರಡೂ ಸರಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವುದನ್ನು ನೋಡಿ. ಒಳಗೆ ಹಗುರವಾದ ಮರ. ಅದರ ಮೇಲೆ ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟ ಮೆತ್ತುತ್ತಾರೆ. ಅದರ ಮೇಲೆ ಬಣ್ಣ. ನಾವು ಕೈಯಲ್ಲಿ ಹಿಡಿಯುವುದು ಇಡೀ ಗೊಂಬೆಯನ್ನು. ಹಾಗೆಯೇ 2.2 ಅನ್ನುವುದು ಬರೀ ಕ್ವಾರ್ಕಿನ ತೂಕ. 330 ಅನ್ನುವುದು ಸುತ್ತ ಗ್ಲೂಆನುಗಳು, ಕ್ವಾರ್ಕ್ ಜೋಡಿಗಳು ಮೆತ್ತಿಕೊಂಡ ಕ್ವಾರ್ಕಿನ ತೂಕ. ಇದನ್ನು ಘಟಕ ಕ್ವಾರ್ಕ್ ಎನ್ನುತ್ತೇವೆ. ಒಂದೇ ಒಂದು ವ್ಯತ್ಯಾಸ: ಗೊಂಬೆಯಲ್ಲಿ ಮರದ ತೂಕವೇ ಜಾಸ್ತಿ, ಕ್ವಾರ್ಕಿನಲ್ಲಿ ಮೆತ್ತಿದ್ದರದೇ ಜಾಸ್ತಿ.

ಒಬ್ಬ ವಿದ್ಯಾರ್ಥಿ ಒಂದು ತಿಂಗಳು ಪ್ರೋಗ್ರಾಮ್ ತಿದ್ದಿ ತಿದ್ದಿ ಸುಸ್ತಾಗಿದ್ದ. ಉತ್ತರ ಯಾವತ್ತೂ ಹತ್ತಿರ ಬರುತ್ತಿರಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ. ಘಟಕ ಮಾದರಿಗೆ ಬರೀ ಕ್ವಾರ್ಕಿನ ತೂಕ ಹಾಕಿದ್ದ. ಯಾವ ಮಾದರಿ ತೆಗೆದುಕೊಂಡರೂ, ಅದು ಯಾವ ತೂಕವನ್ನು ಕೇಳುತ್ತದೆ ಅಂತ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಘಟಕ ಕ್ವಾರ್ಕ್ ಮಾದರಿ: ಪೆನ್ನು ಕಾಗದ ಸಾಕು

1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಬೇರೆ ಬೇರೆಯಾಗಿ ಮುಂದಿಟ್ಟ ಯೋಚನೆಯ ನೇರ ಮಗು ಇದು. ಪ್ರೋಟಾನಿನಂಥ ಬೇರಿಯಾನಿನಲ್ಲಿ ಮೂರು ಕ್ವಾರ್ಕ್, ಮೆಸಾನಿನಲ್ಲಿ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಉಳಿದದ್ದು ಸಮಮಿತಿಯ ಲೆಕ್ಕ. ಅದೇ ವರ್ಷ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಒಮೆಗಾ-ಮೈನಸ್ ಅನ್ನುವ ಕಣ ಸಿಕ್ಕಿತು. ಅಂಥದೊಂದು ಕಣ ಇರಬೇಕು, ಇಷ್ಟು ತೂಕ ಇರಬೇಕು ಅಂತ ಗೆಲ್‌ಮನ್ 1962ರಲ್ಲೇ ಸಮಮಿತಿಯಿಂದ ಹೇಳಿದ್ದರು.

ಈ ಮಾದರಿಯ ರುಚಿ ನೋಡಬೇಕೆಂದರೆ ಪ್ರೋಟಾನ್, ನ್ಯೂಟ್ರಾನಿನ ಕಾಂತೀಯ ಗುಣ (ಮ್ಯಾಗ್ನೆಟಿಕ್ ಮೊಮೆಂಟ್) ಲೆಕ್ಕ ಮಾಡಿ. ಸ್ಪಿನ್‌ಗಳನ್ನು (ಕಣಗಳ ಒಳಗಿನ ತಿರುಗಾಟದಂಥ ಗುಣ) ಸರಿಯಾಗಿ ಜೋಡಿಸಿದರೆ ಪ್ರೋಟಾನಿನದು ನಾಲ್ಕು ಅಪ್ ಕಳೆಯಿರಿ ಒಂದು ಡೌನ್, ಅದರ ಮೂರನೇ ಒಂದು. ನ್ಯೂಟ್ರಾನಿನದು ಅದನ್ನೇ ತಿರುಗಿಸಿದ್ದು. ಅಪ್‌ನ ವಿದ್ಯುದಂಶ ಮೂರನೇ ಎರಡು, ಡೌನ್‌ದು ಮೈನಸ್ ಮೂರನೇ ಒಂದು. ಹಾಕಿ ನೋಡಿ. ನ್ಯೂಟ್ರಾನಿನದನ್ನು ಪ್ರೋಟಾನಿನದರಿಂದ ಭಾಗಿಸಿದರೆ ಮೈನಸ್ 0.667. ಪ್ರಯೋಗದಲ್ಲಿ ಅಳೆದದ್ದು ಮೈನಸ್ 0.685. ಅರ್ಧ ಪುಟದ ಲೆಕ್ಕ! ಇನ್ನೂ ಒಂದು ಹೆಜ್ಜೆ ಹೋಗಿ. ಪ್ರೋಟಾನಿನ ಕಾಂತೀಯ ಗುಣದ ಅಳತೆ 2.793 ನ್ಯೂಕ್ಲಿಯರ್ ಮ್ಯಾಗ್ನೆಟಾನ್. 938ನ್ನು ಅದರಿಂದ ಭಾಗಿಸಿದರೆ 336 ಎಂಇವಿ. ಘಟಕ ಕ್ವಾರ್ಕಿನ ತೂಕ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ?

ಎಲ್ಲಿ ಸೋಲುತ್ತದೆ? ಮೊದಲು ಸ್ಪಿನ್. ಪ್ರೋಟಾನಿನ ಸ್ಪಿನ್ ಪೂರ್ತಿ ಮೂರು ಕ್ವಾರ್ಕುಗಳ ಸ್ಪಿನ್‌ನಿಂದಲೇ ಬರಬೇಕು ಅನ್ನುತ್ತದೆ ಸರಳ ಮಾದರಿ. 1980ರ ದಶಕದ ಕೊನೆಗೆ ಜಿನೀವಾದ ಸರ್ನ್ ಪ್ರಯೋಗಾಲಯದ ಇಎಂಸಿ ಪ್ರಯೋಗ ಅದನ್ನು ಸುಳ್ಳು ಮಾಡಿತು. ಇಂದಿನ ಅಳತೆಗಳಲ್ಲಿ ಕ್ವಾರ್ಕ್ ಸ್ಪಿನ್‌ನ ಪಾಲು ಸುಮಾರು ಮೂರನೇ ಒಂದು. ಎರಡನೆಯದು ಪಯಾನ್, ಎಲ್ಲಕ್ಕಿಂತ ಹಗುರ ಮೆಸಾನ್. ರೋ ಮೆಸಾನಿನಲ್ಲಿ ಇರುವ ಕ್ವಾರ್ಕುಗಳೇ ಪಯಾನಿನಲ್ಲೂ ಇವೆ. ರೋ 775 ಎಂಇವಿ, ಪಯಾನ್ ಬರೀ 140. ತಲಾ 336ರ ಎರಡು ಕ್ವಾರ್ಕ್ ಸೇರಿ 140 ಹೇಗಾಗುತ್ತದೆ? ಸ್ಪಿನ್‌ಗಳ ನಡುವಿನ ಬಲ ಹಾಕಿ ಒಂದಷ್ಟು ಸರಿದೂಗಿಸಬಹುದು, ಆದರೆ ನಿಜವಾದ ಕಾರಣ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಿ.ಎಸ್ಸಿ.ಯವರಿಗೆ, ಸೆಮಿನಾರ್ ಕೊಡುವವರಿಗೆ ಇದು ಚೆನ್ನ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದೊಂದೇ ಆದರೆ ತೆಳುವಾಗುತ್ತದೆ.

ಪೊಟೆನ್ಶಿಯಲ್ ಮಾದರಿ: ನನ್ನ ಮೊದಲ ಆಯ್ಕೆ

ಲ್ಯಾಪ್‌ಟಾಪ್ ಇದ್ದು, ಶ್ರೋಡಿಂಜರ್ ಸಮೀಕರಣ ಓದಿದ್ದರೆ, ಇದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

1974ರ ನವೆಂಬರಿನಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ರಿಕ್ಟರ್ ತಂಡ, ಬ್ರೂಕ್‌ಹೇವನ್‌ನಲ್ಲಿ ಟಿಂಗ್ ತಂಡ ಒಂದೇ ಕಣವನ್ನು ಕಂಡವು. ಒಬ್ಬರು ಸೈ ಅಂದರು, ಇನ್ನೊಬ್ಬರು ಜೆ ಅಂದರು, ಕೊನೆಗೆ ಜೆ/ಸೈ ಆಯಿತು. ತೂಕ 3097 ಎಂಇವಿ. ಒಳಗೆ ಒಂದು ಚಾರ್ಮ್ ಕ್ವಾರ್ಕ್, ಒಂದು ಪ್ರತಿಚಾರ್ಮ್. ಚಾರ್ಮ್ ಭಾರವಾದ ಕ್ವಾರ್ಕ್, ಹಾಗಾಗಿ ನಿಧಾನ. ಬೆಳಕಿನ ವೇಗದ ಅರ್ಧದ ಆಸುಪಾಸು. ಬಾಟಮ್ ಕ್ವಾರ್ಕ್ ಇನ್ನೂ ಭಾರ, ಇನ್ನೂ ನಿಧಾನ. ಅಷ್ಟು ನಿಧಾನ ಇದ್ದರೆ ಹೈಡ್ರೋಜನ್ ಪರಮಾಣುವಿಗೆ ಮಾಡುವ ಲೆಕ್ಕವನ್ನೇ ಇಲ್ಲಿಯೂ ಮಾಡಬಹುದು. ಬದಲಾಗುವುದು ಪೊಟೆನ್ಶಿಯಲ್ ಒಂದೇ, ಅಂದರೆ ಎಷ್ಟು ದೂರಕ್ಕೆ ಎಷ್ಟು ಶಕ್ತಿ ಅನ್ನುವ ಸೂತ್ರ.

ಆ ಪೊಟೆನ್ಶಿಯಲ್ ಅನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಐಕ್ಟನ್, ಗಾಟ್‌ಫ್ರೀಡ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಕಟ್ಟಿದರು. ಅದರಲ್ಲಿ ಎರಡೇ ತುಂಡು. ಹತ್ತಿರದಲ್ಲಿ ವಿದ್ಯುತ್ತಿನ ಕೂಲಂಬ್ ನಿಯಮದ ಥರ, ಒಂದನ್ನು ದೂರದಿಂದ ಭಾಗಿಸಿದ್ದು. ಅದರ ಮುಂದೆ ಮೂರನೇ ನಾಲ್ಕು ಗುಣಿಸು ಆಲ್ಫಾ-ಎಸ್. ಆ ಮೂರನೇ ನಾಲ್ಕು ಬಣ್ಣದ ಲೆಕ್ಕದಿಂದ ಬಂದದ್ದು; ಪ್ರಬಲ ಬಲದಲ್ಲಿ ವಿದ್ಯುದಂಶದ ಜಾಗದಲ್ಲಿರುವ ಗುಣಕ್ಕೆ ಬಣ್ಣ ಅನ್ನುತ್ತಾರೆ. ದೂರದಲ್ಲಿ ನೇರ ಗೆರೆ: ಎಳೆದಷ್ಟೂ ಶಕ್ತಿ ಏರುತ್ತದೆ. ಆ ಏರಿನ ಅಳತೆ ಸುಮಾರು 0.18 ಜಿಇವಿ ವರ್ಗ, ಅಂದರೆ ಪ್ರತಿ ಫರ್ಮಿಗೆ ಹತ್ತಿರ ಹತ್ತಿರ ಒಂದು ಜಿಇವಿ. ಬಲದ ಲೆಕ್ಕದಲ್ಲಿ ಸುಮಾರು 15 ಟನ್ ತೂಕ ಜಗ್ಗಿದಷ್ಟು. ಅದಿರು ತುಂಬಿ ತೋರಣಗಲ್ಲಿನ ಕಡೆ ಹೋಗುವ ಲಾರಿಯ ಹೊರೆಯಷ್ಟು ಸೆಳೆತ, ಕಣ್ಣಿಗೆ ಕಾಣದ ಎರಡು ಕ್ವಾರ್ಕುಗಳ ನಡುವೆ!

ಇಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ಜೆ/ಸೈ ಮತ್ತು ಅದರ ಮೇಲಿನ ಮೆಟ್ಟಿಲು, ಅಂದರೆ ಶಕ್ತಿಯ ಮುಂದಿನ ಹಂತ, ಸೈ-2ಎಸ್ ನಡುವಿನ ಅಂತರ 589 ಎಂಇವಿ. ಬಾಟಮ್ ಜೋಡಿಯ ಅಪ್ಸಿಲಾನ್ 1977ರಲ್ಲಿ ಫರ್ಮಿಲ್ಯಾಬಿನಲ್ಲಿ ಸಿಕ್ಕಿದ್ದು, ತೂಕ 9460. ಅದರ ಮೇಲಿನ ಮೆಟ್ಟಿಲಿಗೆ ಅಂತರ 563. ಬಾಟಮ್ ಕ್ವಾರ್ಕ್ ಚಾರ್ಮಿಗಿಂತ ಮೂರು ಪಟ್ಟು ಭಾರ, ಆದರೂ ಮೆಟ್ಟಿಲ ಅಂತರ ಹೆಚ್ಚು ಕಮ್ಮಿ ಒಂದೇ. ಯಾಕೆ?

ಬರೀ ನೇರ ಗೆರೆಯ ಪೊಟೆನ್ಶಿಯಲ್ ಹಾಕಿ ನೋಡಿ. ಚಾರ್ಮಿಗೆ 1500 ಎಂಇವಿ ತೂಕ ಇಟ್ಟರೆ ಅಂತರ ಸುಮಾರು 490 ಬರುತ್ತದೆ. ಬಾಟಮ್‌ಗೆ 4800 ಇಟ್ಟರೆ ಸುಮಾರು 330. ಭಾರ ಏರಿದರೆ ಅಂತರ ಇಳಿಯುತ್ತದೆ. ಬರೀ ಕೂಲಂಬ್ ತುಂಡು ಹಾಕಿದರೆ ಉಲ್ಟಾ, ಭಾರದ ಜೊತೆ ಅಂತರವೂ ಏರುತ್ತದೆ. ಎರಡೂ ಸೇರಿದಾಗ ಒಂದರ ಇಳಿತವನ್ನು ಇನ್ನೊಂದರ ಏರಿಕೆ ತುಂಬುತ್ತದೆ. ಹತ್ತಿರದ ಬಲ, ದೂರದ ಬಲ ಎರಡೂ ಬೇಕು ಅನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ನಾನು ಕಂಡಿಲ್ಲ. ಮತ್ತು ಇದನ್ನು ಒಬ್ಬ ವಿದ್ಯಾರ್ಥಿ ತನ್ನ ಕೈಯಾರೆ, ಒಂದು ಸಂಜೆಯಲ್ಲಿ ನೋಡಬಹುದು. ಅದಕ್ಕೇ ಈ ಮಾದರಿಯ ಮೇಲೆ ನನಗೆ ಇಷ್ಟು ಪ್ರೀತಿ.

ಪ್ರಾಜೆಕ್ಟನ್ನು ಇಲ್ಲಿಂದ ಬೆಳೆಸಲು ದಾರಿಗಳೂ ಬಹಳ. ಸ್ಪಿನ್ ತುಂಡು ಸೇರಿಸಿ, ಈಟಾ-ಸಿ (ಅದೇ ಚಾರ್ಮ್ ಜೋಡಿ, ಸ್ಪಿನ್ ಎದುರು ಬದುರು) ಮತ್ತು ಜೆ/ಸೈ ನಡುವಿನ 113 ಎಂಇವಿ ಬರುತ್ತದೆಯೋ ನೋಡಿ. ಚಾರ್ಮ್ ಮತ್ತು ಬಾಟಮ್ ಸೇರಿದ ಬಿ-ಸಿ ಮೆಸಾನಿಗೆ ಅದೇ ಅಂಕಿಗಳನ್ನು ಹಾಕಿ ನೋಡಿ. ಹಗುರ ಕ್ವಾರ್ಕುಗಳಿಗೂ ಇದನ್ನು ಎಳೆಯಬೇಕೆಂದರೆ ಸಾಪೇಕ್ಷತೆಯ ತಿದ್ದುಪಡಿ ಬೇಕು. 1985ರಲ್ಲಿ ಗಾಡ್‌ಫ್ರೇ ಮತ್ತು ಇಸ್ಗುರ್ ಅದನ್ನು ಮಾಡಿ, ಪಯಾನಿನಿಂದ ಅಪ್ಸಿಲಾನ್‌ವರೆಗೆ ಒಂದೇ ಚೌಕಟ್ಟಿನಲ್ಲಿ ತಂದರು.

ಮಿತಿ ಗೊತ್ತಿರಲಿ. ಎಳೆಯುತ್ತಾ ಹೋದರೆ ಒಂದು ಹಂತದಲ್ಲಿ ನಡುವಿನ ಎಳೆ ಕಡಿದು, ಹೊಸ ಕ್ವಾರ್ಕ್ ಜೋಡಿ ಹುಟ್ಟಿ, ಎರಡು ಮೆಸಾನ್ ಆಗುತ್ತದೆ. ನೇರ ಗೆರೆಗೆ ಅದು ಗೊತ್ತಿಲ್ಲ. ಹಾಗಾಗಿ ಚಾರ್ಮ್ ಮೆಟ್ಟಿಲುಗಳಲ್ಲಿ 3730 ಎಂಇವಿ ದಾಟಿದ ಮೇಲೆ ಉತ್ತರಗಳು ಅಲುಗಾಡುತ್ತವೆ. 2003ರಲ್ಲಿ ಜಪಾನಿನ ಬೆಲ್ ಪ್ರಯೋಗ ಎಕ್ಸ್(3872) ಅನ್ನು ಕಂಡಾಗ ಅದು ಈ ಮಾದರಿಯ ಯಾವ ಮೆಟ್ಟಿಲಿಗೂ ಸರಿಯಾಗಿ ಕೂರಲಿಲ್ಲ. 2015ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಐದು ಕ್ವಾರ್ಕಿನ ಕಣಗಳನ್ನು ವರದಿ ಮಾಡಿತು. ಅಲ್ಲಿಗೆ ಹೋಗಲು ಆಸೆ ಇದ್ದರೆ ಒಳ್ಳೆಯದು, ಆದರೆ ಮೊದಲ ಪ್ರಾಜೆಕ್ಟಿನಲ್ಲಿ ಬೇಡ.

ಚೀಲದ ಮಾದರಿ

ಎಂಐಟಿಯ ಐದು ಜನ 1974ರಲ್ಲಿ ಕೊಟ್ಟದ್ದು. ನಿರ್ವಾತ ಹೊರಗಿನಿಂದ ಒತ್ತುತ್ತದೆ, ಕ್ವಾರ್ಕುಗಳು ಒಳಗಿನಿಂದ ನೂಕುತ್ತವೆ, ಎರಡೂ ಸರಿಸಮ ಆದಲ್ಲಿ ಚೀಲದ ಗಾತ್ರ ನಿಲ್ಲುತ್ತದೆ. ಭತ್ತದ ಚೀಲದ ಹಾಗೆ ನೇಯ್ದ ಬಟ್ಟೆ ಇಲ್ಲಿಲ್ಲ. ಒತ್ತಡವೇ ಗೋಡೆ. ಒಳಗೆ ಕ್ವಾರ್ಕುಗಳಿಗೆ ಹೆಚ್ಚು ಕಮ್ಮಿ ತೂಕವೇ ಇಲ್ಲ, ಬೆಳಕಿನ ವೇಗದಲ್ಲಿ ಓಡಾಡುತ್ತವೆ. ಹಾಗಾಗಿ ಹಗುರ ಕ್ವಾರ್ಕುಗಳಿಗೆ ಶ್ರೋಡಿಂಜರ್‌ಗಿಂತ ಇದು ಸಹಜ. ಡಿರಾಕ್ ಸಮೀಕರಣ ಕಲಿತವರಿಗೆ ಒಳ್ಳೆಯ ಅಭ್ಯಾಸವೂ ಹೌದು.

ಎರಡು ಮಾದರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಒಂದು ಅಂಕಿ ಇದೆ. ನ್ಯೂಟ್ರಾನ್ ಒಡೆದು ಪ್ರೋಟಾನ್ ಆಗುವ ಬೀಟಾ ಕ್ಷಯದಲ್ಲಿ ಬರುವ ಆಕ್ಸಿಯಲ್ ಚಾರ್ಜ್. ನಿಧಾನ ಕ್ವಾರ್ಕುಗಳ ಘಟಕ ಮಾದರಿ 1.67 ಅನ್ನುತ್ತದೆ. ಚೀಲ 1.09 ಅನ್ನುತ್ತದೆ. ಪ್ರಯೋಗದ ಉತ್ತರ 1.27, ಎರಡರ ನಡುವೆ. ಕ್ವಾರ್ಕುಗಳ ಓಟ ಎಷ್ಟು ಮುಖ್ಯ ಅಂತ ಇದೊಂದೇ ಅಂಕಿಯಿಂದ ತಿಳಿಯುತ್ತದೆ. ಈ ಹೋಲಿಕೆಯನ್ನೇ ಹಿಡಿದು ಒಂದು ಚಿಕ್ಕ ಪ್ರಾಜೆಕ್ಟ್ ಮಾಡಬಹುದು. ಚೀಲದ ಅಂಚು ಗಟ್ಟಿಯಾಗಿ ಕಡಿದ ಹಾಗೆ ಇರುವುದು ಮಾತ್ರ ನನಗೆ ಯಾವತ್ತೂ ಕೃತಕ ಅನ್ನಿಸಿದೆ.

ಪಯಾನಿನ ಗುಟ್ಟು: ಕೈರಲ್ ದಾರಿ

ಪಯಾನ್ ಯಾಕೆ ಅಷ್ಟು ಹಗುರ ಅಂತ ಬಿಟ್ಟಿದ್ದೆನಲ್ಲ. ಅಪ್, ಡೌನ್ ಕ್ವಾರ್ಕುಗಳ ಬರೀ ತೂಕ ಸೊನ್ನೆ ಆಗಿದ್ದರೆ ಸಿದ್ಧಾಂತದಲ್ಲಿ ಒಂದು ಹೆಚ್ಚಿನ ಸಮಮಿತಿ ಇರುತ್ತಿತ್ತು: ಎಡಗೈ ಕ್ವಾರ್ಕು (ಸ್ಪಿನ್ ಓಟದ ದಿಕ್ಕಿಗೆ ಎದುರು), ಬಲಗೈ ಕ್ವಾರ್ಕು (ಸ್ಪಿನ್ ಓಟದ ದಿಕ್ಕಿಗೇ) ಬೇರೆ ಬೇರೆಯಾಗಿ ಇರಬಹುದಿತ್ತು. ಈ ಎಡಗೈ ಬಲಗೈ ಗುಣಕ್ಕೇ ಕೈರಲ್ ಅನ್ನುವುದು. ನಿರ್ವಾತ ಆ ಸಮಮಿತಿಯನ್ನು ಮುರಿಯುತ್ತದೆ. ಹಾಗೆ ಮುರಿದಾಗ ತೂಕವಿಲ್ಲದ ಕಣ ಹುಟ್ಟಲೇಬೇಕು. ಅದೇ ಪಯಾನ್. ಕ್ವಾರ್ಕುಗಳಿಗೆ ಚೂರು ತೂಕ ಇರುವುದರಿಂದ ಪಯಾನಿಗೂ ಸ್ವಲ್ಪ ತೂಕ ಬಂದಿದೆ. ನಂಬು ಈ ಯೋಚನೆಯನ್ನು 1960ರ ಆಸುಪಾಸಿನಲ್ಲೇ, ಕ್ವಾರ್ಕ್ ಅನ್ನುವ ಹೆಸರು ಹುಟ್ಟುವ ಮೊದಲೇ ಕೊಟ್ಟರು. ನೊಬೆಲ್ ಬಂದದ್ದು 2008ರಲ್ಲಿ.

ಇದರ ಮೇಲೆ ಕಟ್ಟಿದ್ದು ಕೈರಲ್ ಪರ್ಟರ್ಬೇಶನ್ ಸಿದ್ಧಾಂತ. ವೈನ್‌ಬರ್ಗ್ 1979ರಲ್ಲಿ ದಾರಿ ತೋರಿಸಿದರು, ಗ್ಯಾಸರ್ ಮತ್ತು ಲಾಯ್ಟ್‌ವೈಲರ್ ಅದನ್ನು ಪೂರ್ತಿ ಕಟ್ಟಿದರು. ಇದು ಮಾದರಿಗಿಂತ ಮೇಲು, ಯಾಕೆಂದರೆ ಎಲ್ಲಿ ಎಷ್ಟು ತಪ್ಪಬಹುದು ಅಂತ ಮೊದಲೇ ಹೇಳುತ್ತದೆ. ಕಡಿಮೆ ಶಕ್ತಿಯ ಪಯಾನ್ ಪ್ರಶ್ನೆಗಳಿಗೆ ಇದೇ ಸರಿ. ಆದರೆ ಕ್ವಾಂಟಮ್ ಫೀಲ್ಡ್ ಸಿದ್ಧಾಂತ ಚೆನ್ನಾಗಿ ಬರಬೇಕು. ಎಂ.ಎಸ್ಸಿ.ಯ ನಾಲ್ಕು ತಿಂಗಳಲ್ಲಿ ಇದನ್ನು ಮುಟ್ಟಲು ಹೋಗಿ ಒದ್ದಾಡಿದವರನ್ನು ನೋಡಿದ್ದೇನೆ. ಪಿಎಚ್.ಡಿ.ಗೆ ಇಟ್ಟುಕೊಳ್ಳಿ.

ಲ್ಯಾಟಿಸ್: ಸಿದ್ಧಾಂತವನ್ನೇ ಜಾಲರಿಗೆ ಹಾಕುವುದು

ಇಲ್ಲಿ ಊಹೆಯ ಪೊಟೆನ್ಶಿಯಲ್ ಇಲ್ಲ, ಚೀಲ ಇಲ್ಲ. 1974ರಲ್ಲಿ ವಿಲ್ಸನ್ ಹೇಳಿದ್ದು ಇಷ್ಟು: ಜಾಗ ಮತ್ತು ಕಾಲವನ್ನು ನಾಲ್ಕು ಆಯಾಮದ ಜಾಲರಿ ಮಾಡಿ. ಗಂಟುಗಳಲ್ಲಿ ಕ್ವಾರ್ಕ್ ಇಡಿ, ಗಂಟುಗಳ ನಡುವಿನ ದಾರದಲ್ಲಿ ಗ್ಲೂಆನ್ ಇಡಿ. ಕಂಪ್ಯೂಟರ್ ಲೆಕ್ಕ ಮಾಡಲಿ. 1980ರ ಹೊತ್ತಿಗೆ ಕ್ರೂಟ್ಸ್ ಚಿಕ್ಕ ಜಾಲರಿಯಲ್ಲಿ ಅದನ್ನು ಮಾಡಿ ತೋರಿಸಿದರು. 2008ರಲ್ಲಿ ಬುಡಾಪೆಸ್ಟ್, ಮಾರ್ಸೇ, ವುಪ್ಪರ್ಟಾಲ್ ನಗರಗಳ ಒಂದು ಕೂಟ ಪ್ರೋಟಾನ್ ಮತ್ತು ಇತರ ಹಗುರ ಹ್ಯಾಡ್ರಾನುಗಳ (ಕ್ವಾರ್ಕುಗಳಿಂದ ಆದ ಕಣಗಳ) ತೂಕವನ್ನು ಕೆಲವೇ ಶೇಕಡಾ ತಪ್ಪಿನಲ್ಲಿ ಸಿದ್ಧಾಂತದಿಂದ ತೆಗೆಯಿತು. 2015ರಲ್ಲಿ ನ್ಯೂಟ್ರಾನ್ ಪ್ರೋಟಾನಿಗಿಂತ 1.3 ಎಂಇವಿ ಭಾರ ಯಾಕೆ ಅನ್ನುವುದೂ ಲೆಕ್ಕದಲ್ಲಿ ಬಂತು. ಆ ಚಿಕ್ಕ ವ್ಯತ್ಯಾಸ ತಿರುಗುಮುರುಗಾಗಿದ್ದರೆ ಹೈಡ್ರೋಜನ್ನೇ ಉಳಿಯುತ್ತಿರಲಿಲ್ಲ. ಆಕ್ಸಿಯಲ್ ಚಾರ್ಜ್ ಕೂಡ 2018ರಲ್ಲಿ ಶೇಕಡಾ ಒಂದರ ನಿಖರತೆಯಲ್ಲಿ ಸಿಕ್ಕಿತು, 1.27.

ಬೆಲೆ ಎಷ್ಟು? ಲೆಕ್ಕ ಹಾಕೋಣ. ಒಂದು ಬದಿಗೆ 64 ಗಂಟು, ಕಾಲಕ್ಕೆ 128. ಒಟ್ಟು ಸುಮಾರು 3.36 ಕೋಟಿ ಗಂಟು. ಗಂಟಿಗೆ ನಾಲ್ಕು ದಾರ, ದಾರಕ್ಕೆ ಮೂರು ಮೂರರ ಮ್ಯಾಟ್ರಿಕ್ಸ್. ಇಡೀ ಜಾಲರಿಯ ಒಂದೇ ಒಂದು ಚಿತ್ರ ಉಳಿಸಲು ಸುಮಾರು 19 ಗಿಗಾಬೈಟ್ ಬೇಕು. ಅಂಥ ಚಿತ್ರಗಳು ನೂರಾರು ಬೇಕು. ನಮ್ಮ ಕೈಯಲ್ಲಿ ಆಗದು.

ಆದರೆ ಬದಿಗೆ 8 ಗಂಟಿನ ಜಾಲರಿ ಮಾಡಿ, ಕ್ವಾರ್ಕ್ ಬಿಟ್ಟು ಬರೀ ಗ್ಲೂಆನ್ ಇಡಿ. 4096 ಗಂಟು, ಎರಡೂವರೆ ಮೆಗಾಬೈಟ್‌ಗಿಂತ ಕಮ್ಮಿ. ಮನೆಯ ಲ್ಯಾಪ್‌ಟಾಪ್ ಸಾಕು. ವಿಲ್ಸನ್ ಲೂಪ್, ಅಂದರೆ ಜಾಲರಿಯ ಒಂದು ಮುಚ್ಚಿದ ಸುತ್ತಿನ ದಾರಗಳ ಗುಣಲಬ್ಧ, ಅಳೆದರೆ, ಅದೇ ನೇರ ಗೆರೆಯ ಪೊಟೆನ್ಶಿಯಲ್ ತಲೆ ಎತ್ತುವುದು ಕಾಣಿಸುತ್ತದೆ. ಕಾರ್ನೆಲ್‌ನವರು ಕೈಯಿಂದ ಹಾಕಿದ್ದು ಇಲ್ಲಿ ಸಿದ್ಧಾಂತದಿಂದ ತಾನೇ ಹುಟ್ಟುತ್ತದೆ. ಪ್ರೋಗ್ರಾಮಿಂಗ್ ಚೆನ್ನಾಗಿ ಬರುವವರಿಗೆ ನಾನು ಧೈರ್ಯವಾಗಿ ಇದನ್ನು ಹೇಳುತ್ತೇನೆ. ಒಂದು ಮಾತು: ಏಪ್ರಿಲ್ ಬಿಸಿಲಲ್ಲಿ ಹಗಲು ಓಡಿಸಬೇಡಿ, ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ. ರಾತ್ರಿ ಓಡಿಸಿ. ಕರೆಂಟ್ ಹೋದರೆ ಎಲ್ಲ ಮೊದಲಿನಿಂದ ಶುರು ಆಗದ ಹಾಗೆ ಅರ್ಧ ಗಂಟೆಗೊಮ್ಮೆ ಫೈಲಿಗೆ ಉಳಿಸುವಂತೆ ಬರೆಯಿರಿ.

ಲ್ಯಾಟಿಸ್‌ಗೂ ಎಟುಕದ್ದು ಇದೆ. ನ್ಯೂಟ್ರಾನ್ ನಕ್ಷತ್ರದ ಒಳಗಿನಂಥ ದಟ್ಟ ದ್ರವ್ಯಕ್ಕೆ ಲೆಕ್ಕದಲ್ಲಿ ಕೂಡುವ ಕಳೆಯುವ ಚಿಹ್ನೆಗಳು ಒಂದನ್ನೊಂದು ನುಂಗಿ ಏನೂ ಉಳಿಯುವುದಿಲ್ಲ. ಅಲ್ಲಿ ಇಂದಿಗೂ ಮಾದರಿಗಳೇ ಆಸರೆ.

ಇನ್ನೆರಡು ಸಣ್ಣ ಮಾತು

ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಯಂತ್ರದ ಡಿಕ್ಕಿಗಳು, ಅವುಗಳಿಂದ ಸಿಡಿಯುವ ಕಣಗಳ ಗುಂಪುಗಳಾದ ಜೆಟ್‌ಗಳು ನಿಮ್ಮ ವಿಷಯವಾದರೆ ಪರ್ಟರ್ಬೇಟಿವ್ ಕ್ಯೂಸಿಡಿ, ಅಂದರೆ ಸಣ್ಣ ಸಣ್ಣ ತಿದ್ದುಪಡಿಗಳನ್ನು ಕೂಡಿಸುತ್ತಾ ಹೋಗುವ ಲೆಕ್ಕ. ಅದು ಹತ್ತಿರದ ಮಾತು, ಆಲ್ಫಾ-ಎಸ್ ಚಿಕ್ಕದು, ಲೆಕ್ಕ ಸರಾಗ. 1979ರಲ್ಲಿ ಹ್ಯಾಂಬರ್ಗಿನಲ್ಲಿ ಮೂರು ಜೆಟ್ ಕಂಡು ಗ್ಲೂಆನಿನ ಗುರುತು ಸಿಕ್ಕಿದ್ದು ಈ ದಾರಿಯಲ್ಲೇ. ಪ್ರೋಟಾನಿನ ತೂಕ ಮಾತ್ರ ಇದರಿಂದ ಕೇಳಬೇಡಿ.

ಇನ್ನೊಂದು ಮಾತು ದಾರದ ಚಿತ್ರದ್ದು: ಮೆಸಾನನ್ನು ಎರಡು ತುದಿಗೆ ಕ್ವಾರ್ಕ್ ಕಟ್ಟಿ ತಿರುಗುವ ದಾರ ಅಂತ ನೋಡುವುದು. ಮೆಸಾನುಗಳ ಸ್ಪಿನ್ ಒಂದು ಕಡೆ, ತೂಕದ ವರ್ಗ ಇನ್ನೊಂದು ಕಡೆ ಹಾಕಿ ಗ್ರಾಫ್ ಎಳೆದರೆ ಚುಕ್ಕಿಗಳು ಒಂದೇ ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಗ್ರಾಫ್ ಹಾಳೆ ಮತ್ತು ಡೇಟಾ ಪಟ್ಟಿ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಯಾವ ಪ್ರಾಜೆಕ್ಟ್ ತೆಗೆದುಕೊಂಡರೂ ಇದನ್ನು ಒಮ್ಮೆ ಕೈಯಾರೆ ಎಳೆಯಿರಿ.

ಹಾಗಾದರೆ ಯಾವುದು?

ಈ ವರ್ಷ ಬಂದವರಲ್ಲಿ ಒಬ್ಬಳಿಗೆ ಪ್ರೋಗ್ರಾಮಿಂಗ್ ಅಂದರೆ ಭಯ, ಆದರೆ ಗ್ರೂಪ್ ಥಿಯರಿಯಲ್ಲಿ ಚುರುಕು. ಅವಳಿಗೆ ಘಟಕ ಮಾದರಿ ಮತ್ತು ಚೀಲ ಎರಡನ್ನೂ ಕೊಟ್ಟು, ಕಾಂತೀಯ ಗುಣ, ಆಕ್ಸಿಯಲ್ ಚಾರ್ಜ್ ಎರಡನ್ನೂ ಹೋಲಿಸಲು ಹೇಳಿದೆ. ಒಬ್ಬ ಸಿ ಪ್ಲಸ್ ಪ್ಲಸ್‌ನಲ್ಲಿ ಮುಳುಗಿರುವವನು, ಅವನಿಗೆ 8 ಗಂಟಿನ ಜಾಲರಿ. ಉಳಿದ ಇಬ್ಬರಿಗೂ ಕಾರ್ನೆಲ್ ಪೊಟೆನ್ಶಿಯಲ್, ಒಬ್ಬರಿಗೆ ಚಾರ್ಮ್, ಒಬ್ಬರಿಗೆ ಬಾಟಮ್. ಒಂದೇ ಆಲ್ಫಾ-ಎಸ್, ಒಂದೇ ಏರು ಇಟ್ಟುಕೊಂಡು ಇಬ್ಬರೂ ಎಷ್ಟು ದೂರ ಹೋಗಬಹುದು ಅಂತ ಕೊನೆಗೆ ಒಟ್ಟಿಗೆ ಕೂತು ನೋಡಬೇಕು ಅನ್ನುವುದು ಒಪ್ಪಂದ.

ನೀವೂ ಕಾರ್ನೆಲ್ ದಾರಿ ಹಿಡಿದರೆ, ಕ್ವಾರ್ಕಿನ ಅಂಕಿಗಳನ್ನು ಮುಟ್ಟುವ ಮೊದಲು ಪ್ರೋಗ್ರಾಮಿಗೆ ಹೈಡ್ರೋಜನ್ ಹಾಕಿ. ಮೈನಸ್ 13.6 ಇಲೆಕ್ಟ್ರಾನ್ ವೋಲ್ಟ್ ಬರಬೇಕು. ಆಮೇಲೆ ಕೂಲಂಬ್ ತುಂಡು ತೆಗೆದು ಬರೀ ನೇರ ಗೆರೆ ಹಾಕಿ. ಏರಿನ ವರ್ಗವನ್ನು ಕುಗ್ಗಿದ ದ್ರವ್ಯರಾಶಿಯ (ರೆಡ್ಯೂಸ್ಡ್ ಮಾಸ್; ಒಂದೇ ತೂಕದ ಜೋಡಿಯಾದರೆ ಒಂದರ ಅರ್ಧ) ಎರಡರಷ್ಟರಿಂದ ಭಾಗಿಸಿ, ಅದರ ಘನಮೂಲ ತೆಗೆಯಿರಿ. ಎಸ್ ಮೆಟ್ಟಿಲುಗಳ ಶಕ್ತಿಯನ್ನು ಅದರಿಂದ ಭಾಗಿಸಿದರೆ 2.338, 4.088, 5.521 ಸಿಗಬೇಕು. ಏರಿ (Airy) ಅನ್ನುವ ಗಣಿತದ ಫಂಕ್ಷನ್ನಿನ ಸೊನ್ನೆಗಳು ಅವು, ಚಿಹ್ನೆ ಬಿಟ್ಟು. ಮೂರೂ ಸರಿ ಬಂದ ರಾತ್ರಿ ಚಾರ್ಮ್ ಕ್ವಾರ್ಕಿನ ತೂಕ ಹಾಕಿ, ಎರಡೂ ತುಂಡು ಸೇರಿಸಿ, ಓಡಿಸಿ.